ಅವ್ವನ ಜೊತೆ ಬೀದರ್‌ನಲ್ಲಿ ಎರಡು ರಾತ್ರಿ: ಕಲಬುರಗಿಯಿಂದ ಹೊರಡುವ ಮಗಳಿಗೆ ಸಮಗ್ರ ಮಾರ್ಗದರ್ಶಿ

ಬೀದರ್ ನಮ್ಮ ಕಡೆಯ ಗುಡ್ಡದ ಊರು. ಕಲಬುರಗಿಯ ಕಪ್ಪು ಎರೆಮಣ್ಣು ಬಿಟ್ಟು, ಕಮಲಾಪುರ ದಾಟಿ, ಹುಮನಾಬಾದ್ ದಾಟಿ ಮೇಲಕ್ಕೆ ಹೋದಂತೆ ನೆಲ ಕೆಂಪಾಗುತ್ತದೆ. ಬೀದರ್ ನಮ್ಮೂರಿಗಿಂತ 200 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಬಸ್ಸಿನಿಂದ ಇಳಿದ ಕೂಡಲೇ ಗಾಳಿ ಬೇರೆ ಅನಿಸುತ್ತದೆ. 1347ರಲ್ಲಿ ಕಲಬುರಗಿಯಲ್ಲಿ ರಾಜ್ಯ ಕಟ್ಟಿದ ಬಹಮನಿಗಳು ಮುಂದಿನ ಶತಮಾನದಲ್ಲಿ ರಾಜಧಾನಿಯನ್ನೇ ಎತ್ತಿಕೊಂಡು ಈ ಗುಡ್ಡಕ್ಕೆ ಹೋದರು. ಯಾಕೆ ಹೋದರು ಅಂತ ಅವ್ವ ಕೇಳಿದಳು. ರಾಜಧಾನಿ ಬದಲಿಸಿದ ಸುಲ್ತಾನ ಅಹಮದ್ ಷಾ ವಲಿಗೆ ಇಲ್ಲಿಯ ಗಾಳಿ, ನೀರು ಹಿಡಿಸಿತು ಅಂತ ಹೇಳುತ್ತಾರೆ. ಎರಡು ರಾತ್ರಿ ಉಳಿದರೆ ಆ ಮಾತು ನಿಜ ಅನಿಸುತ್ತದೆ.

ನಾನು ಅವ್ವನನ್ನು ಬೀದರ್‌ಗೆ ಎರಡು ಸಲ ಕರೆದುಕೊಂಡು ಹೋಗಿದ್ದೇನೆ. ಮೊದಲ ಸಲ ಬಾಡಿಗೆ ಕಾರು ಮಾಡಿ, ಬೆಳಗ್ಗೆ ಹೋಗಿ ರಾತ್ರಿ ಬಂದೆವು. ಒಂದೇ ದಿನದಲ್ಲಿ ಏಳು ಜಾಗ. ಎಲ್ಲ ಕಡೆಯೂ ಹತ್ತು ನಿಮಿಷ, ಮತ್ತೆ ಕಾರು. ಮರುದಿನ ಅವ್ವನ ಮೊಣಕಾಲು ಊದಿಕೊಂಡಿತ್ತು. ಏನೇನು ನೋಡಿದೆ ಅಂತ ಚಿಕ್ಕಮ್ಮ ಕೇಳಿದರೆ ಅವ್ವನಿಗೆ ಒಂದರ ಹೆಸರೂ ನೆನಪಿರಲಿಲ್ಲ. ನನಗೆ ಬಹಳ ಬೇಜಾರಾಯಿತು. ಅವಳು ಸಣ್ಣವಳಿದ್ದಾಗ ಒಂದು ಮದುವೆಗೆ ಅಂತ ಬೀದರ್‌ಗೆ ಬಂದವಳು, ಆಗಲೂ ಹಂದರ ಬಿಟ್ಟು ಬೇರೆ ಏನೂ ನೋಡಿರಲಿಲ್ಲ. ಹಾಗಾಗಿ ಎರಡನೇ ಸಲ ಲೆಕ್ಕವನ್ನೇ ಬದಲಿಸಿದೆ. ದಿನಕ್ಕೆ ಎಷ್ಟು ಜಾಗ ಅಂತ ಎಣಿಸುವುದನ್ನು ಬಿಟ್ಟು, ಅವ್ವ ಎಲ್ಲಿ ಕೂರುತ್ತಾಳೆ, ಎಷ್ಟು ಹೊತ್ತು ಕೂರುತ್ತಾಳೆ ಅಂತ ಯೋಚಿಸಿ ದಿನ ಹೊಂದಿಸಿದೆ. ಕೆಳಗೆ ಬರೆದದ್ದೆಲ್ಲ ಆ ಎರಡನೇ ಸಲದ್ದು.

ಮೊದಲ ಹೆಜ್ಜೆ: ಅವ್ವನನ್ನು ಒಪ್ಪಿಸುವುದು

ಇದೇ ದೊಡ್ಡ ಕೆಲಸ. ಟಿಕೆಟ್, ರೂಮು ಎಲ್ಲ ಆಮೇಲೆ. "ನಾ ಯಾಕ ಬರ್ಲಿ, ನೀವು ಹೋಗ್ರಿ. ಮನ್ಯಾಗ ರೊಟ್ಟಿ ಯಾರು ಬಡೀತಾರ?" ಅಂತ ಶುರುವಾಗುತ್ತದೆ. ಇದಕ್ಕೆ ಬಾಯಿಮಾತಿನ ಸಮಾಧಾನ ಸಾಲುವುದಿಲ್ಲ, ರೊಟ್ಟಿಯ ವ್ಯವಸ್ಥೆಯನ್ನೇ ಮಾಡಿ ತೋರಿಸಬೇಕು. ಕಲಬುರಗಿಯಲ್ಲಿ ಹೆಣ್ಣುಮಕ್ಕಳು ಮನೆಯಲ್ಲೇ ರೊಟ್ಟಿ ಬಡಿದು ಮಾರುವುದು ನಿಮಗೆ ಗೊತ್ತೇ ಇದೆ. ಮೂವತ್ತು ಖಡಕ್ ರೊಟ್ಟಿ ತಂದಿಡಿ, ಅದು ವಾರ ಇದ್ದರೂ ಕೆಡುವುದಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ ಡಬ್ಬಿಯಲ್ಲಿರಲಿ. ಮೊಸರು ಯಾರು ತರಬೇಕು, ಬೇಳೆ ಯಾರು ಕುದಿಸಬೇಕು ಅಂತ ಅಪ್ಪನ ಎದುರೇ, ಅವ್ವನ ಎದುರೇ ಮಾತಾಡಿ. ಅವಳ ಕಿವಿಗೆ ಬಿದ್ದರೆ ಅರ್ಧ ಚಿಂತೆ ಇಳಿಯುತ್ತದೆ.

ದಿನವನ್ನು ಅವಳೇ ಆರಿಸಲಿ. ಸೋಮವಾರದ ಉಪವಾಸ, ಅಮಾವಾಸ್ಯೆ, ಮನೆದೇವರ ವಾರ, ಇದೆಲ್ಲ ಅವಳಿಗೆ ಗೊತ್ತು. ಎಳ್ಳ ಅಮಾವಾಸ್ಯೆಯ ಹತ್ತಿರ ಮಾತ್ರ ಕೇಳಲೇಬೇಡಿ. ಸಜ್ಜಿ ಕಡುಬು, ಭಜ್ಜಿ ಮಾಡಿ ಹೊಲಕ್ಕೆ ಚರಗ ಚೆಲ್ಲುವ ದಿನ ಯಾವ ಅವ್ವ ಊರು ಬಿಡುತ್ತಾಳೆ?

ಇನ್ನೊಂದು ಮಾತು. ಖರ್ಚು ನೀವು ಮಾಡುತ್ತೀರಿ ಅಂದರೆ ಅವಳು ಪ್ರತಿ ಚಹಾಕ್ಕೂ ರೇಟು ಕೇಳುತ್ತಾಳೆ. ಹೊರಡುವ ಮೊದಲೇ ಒಂದಿಷ್ಟು ದುಡ್ಡು ಅವಳ ಕೈಚೀಲಕ್ಕೆ ಹಾಕಿ, "ಇದು ನಿನ್ನದು, ಇದಕ್ಕೆ ಲೆಕ್ಕ ಇಲ್ಲ" ಅಂತ ಹೇಳಿ. ಕಾಣಿಕೆ ಹಾಕುವುದು, ಪೇರಲ ಹಣ್ಣು ಕೊಳ್ಳುವುದು, ಬೆಳ್ಳಿ ತಂತಿ ಕೂರಿಸಿದ ಬಿದರಿ ಡಬ್ಬಿ ಆರಿಸುವುದು ಅವಳ ಕೈಯಿಂದಲೇ ಆಗಲಿ.

ಯಾವ ತಿಂಗಳು

ದಸರಾ ರಜೆಯಿಂದ ಫೆಬ್ರವರಿ ಮುಗಿಯುವ ತನಕ. ಅಕ್ಟೋಬರ್, ನವೆಂಬರ್‌ನಲ್ಲಿ ದಾರಿಯುದ್ದಕ್ಕೂ ತೊಗರಿ ಹಳದಿ ಹೂ ಬಿಟ್ಟಿರುತ್ತದೆ, ಅದನ್ನು ನೋಡುವುದೇ ಒಂದು ಖುಷಿ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಚಳಿ ಜೋರು, ಸ್ವೆಟರ್ ಮರೆಯಬೇಡಿ. ಏಪ್ರಿಲ್, ಮೇ ಬೇಡ. ಬಿಸಿಲಿಗೆ ಕೋಟೆಯ ಕಲ್ಲು ಕಾದ ಹಂಚಾಗಿರುತ್ತದೆ.

ಬಸ್ಸೋ ರೈಲೋ

ನನ್ನ ಸಲಹೆ: ಹೋಗುವಾಗ ಬಸ್ಸು, ಬರುವಾಗ ರೈಲು.

ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ಅವ್ವ-ಮಗಳ ಪ್ರಯಾಣಕ್ಕೆ ದೊಡ್ಡ ಅನುಕೂಲ ಆಗಿದೆ. ಕಲ್ಯಾಣ ಕರ್ನಾಟಕ ಸಾರಿಗೆಯ ಸಾದಾ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಇಬ್ಬರೂ ಟಿಕೆಟ್‌ಗೆ ದುಡ್ಡು ಕೊಡಬೇಕಾಗಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಕೈಯಲ್ಲಿರಲಿ. ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್ ತೆಗೆದುಕೊಂಡು ಜೋಪಾನವಾಗಿಡಿ. ರಾಜಹಂಸ, ಎಸಿ ಬಸ್ಸುಗಳಿಗೆ ಇದು ನಡೆಯುವುದಿಲ್ಲ, ಹತ್ತುವ ಮೊದಲು ಕೇಳಿ. ಹಬ್ಬದ ರಜೆಯಲ್ಲಿ ಬಸ್ಸು ತುಂಬಿ ತುಳುಕುತ್ತದೆ. ಅದಕ್ಕೇ ಬೆಳಗ್ಗೆ ಏಳರ ಒಳಗೆ ಬಸ್ ನಿಲ್ದಾಣ ಮುಟ್ಟಿ. ಬಸ್ಸು ಅಲ್ಲಿಂದಲೇ ಹೊರಡುವುದರಿಂದ ಮುಂದಿನ ಸೀಟು ಸಿಗುತ್ತದೆ. ಅವ್ವನಿಗೆ ಕಿಟಕಿ ಪಕ್ಕ. ಹಿಂದಿನ ಚಕ್ರದ ಮೇಲಿನ ಸೀಟು ಬೇಡವೇ ಬೇಡ, ಸೊಂಟಕ್ಕೆ ಏಟು. ಸುಮಾರು ಮೂರು ಗಂಟೆಯ ದಾರಿ. ಹುಮನಾಬಾದ್‌ನಲ್ಲಿ ಬಸ್ಸು ನಿಂತಾಗ ಇಳಿದು ಕಾಲು ಆಡಿಸಲಿ. ವೀರಭದ್ರೇಶ್ವರನ ಊರು ಅದು. ಅವ್ವ ಬಸ್ಸಿನಿಂದಲೇ ಕೈ ಮುಗಿದಳು.

"ಇಲ್ಲೇ ಸಮೀಪ ಬಸವಕಲ್ಯಾಣ ಅದಲ್ಲ, ಹೋಗಮಿ?" ಅಂತ ಅವಳು ಕೇಳಿಯೇ ಕೇಳುತ್ತಾಳೆ. ಹುಮನಾಬಾದ್‌ನಿಂದ ಅದು ಪಶ್ಚಿಮಕ್ಕೆ, ಬೀದರ್ ಇನ್ನೊಂದು ಕಡೆ. ಎರಡನ್ನೂ ಒಂದೇ ಸಲಕ್ಕೆ ಸೇರಿಸಬೇಡಿ. ಕಲ್ಯಾಣಕ್ಕೆ ಅಂತಲೇ ಮತ್ತೊಮ್ಮೆ ಬರೋಣ ಅಂತ ಮಾತು ಕೊಡಿ, ಕೊಟ್ಟ ಮೇಲೆ ಉಳಿಸಿಕೊಳ್ಳಿ.

ಉಳಿಯುವ ಜಾಗ

ಮೂರು ದಾರಿಗಳಿವೆ. ಊರೊಳಗೆ ಇರಬೇಕು ಅಂದರೆ ಉದಗೀರ್ ರಸ್ತೆಯಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಬರೀದ್ ಶಾಹಿ ಇದೆ, ಸುತ್ತಮುತ್ತ ಖಾಸಗಿ ಲಾಡ್ಜುಗಳೂ ಇವೆ. ಸ್ವಲ್ಪ ಖರ್ಚಾದರೂ ಅಡ್ಡಿಯಿಲ್ಲ, ಗಿಡಮರಗಳ ನಡುವೆ ಇರಬೇಕು ಅಂದರೆ ಊರಾಚೆ ವಿಲಾಸಪುರ ಕೆರೆಯ ಹತ್ತಿರ ಜಂಗಲ್ ಲಾಡ್ಜಸ್‌ನವರ ಬ್ಲ್ಯಾಕ್‌ಬಕ್ ರೆಸಾರ್ಟ್ ಇದೆ. ಅಲ್ಲಿ ಊಟ, ಕೃಷ್ಣಮೃಗ ನೋಡುವ ಸಫಾರಿ ಎಲ್ಲ ಸೇರಿಯೇ ಬಾಡಿಗೆ. ಮೂರನೆಯದು ಗುರುನಾನಕ ಝೀರಾ ಗುರುದ್ವಾರದ ಯಾತ್ರಿ ನಿವಾಸ. ನಾವು ಊರೊಳಗೇ ಉಳಿದೆವು. ಮಧ್ಯಾಹ್ನ ಬಂದು ಒಂದು ಗಂಟೆ ಮಲಗಲು ಅದೇ ಅನುಕೂಲ.

ಬುಕ್ ಮಾಡುವ ಮೊದಲು ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ. ನೆಲಮಹಡಿಯ ರೂಮು ಸಿಗುತ್ತದಾ, ಇಲ್ಲದಿದ್ದರೆ ಲಿಫ್ಟ್ ನಡೆಯುತ್ತಿದೆಯಾ? ಪಾಯಿಖಾನೆ ಕುಂತು ಏಳುವಂಥದ್ದಾ, ಕಮೋಡಾ? ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ? ಬೆಳಗ್ಗೆ ಐದೂವರೆಗೆ ಚಹಾ ಸಿಗುತ್ತದಾ? ಕೊನೆಯದು ಸಣ್ಣದು ಅನಿಸಬಹುದು. ಆದರೆ ಅವ್ವಂದಿರು ಐದಕ್ಕೇ ಎದ್ದು, ಮಗಳಿಗೆ ಎಚ್ಚರ ಆದೀತು ಅಂತ ಕತ್ತಲಲ್ಲಿ ಸುಮ್ನೆ ಕೂತಿರುತ್ತಾರೆ. ಚಹಾ ಸಿಗದಿದ್ದರೆ ಥರ್ಮಾಸ್ ಒಯ್ಯಿರಿ.

ಚೀಲದಲ್ಲಿ ಅವಳ ಗುಳಿಗೆಗಳು ಎರಡು ಕಡೆ ಇರಲಿ, ಅರ್ಧ ಅವಳ ಹತ್ತಿರ, ಅರ್ಧ ನಿಮ್ಮ ಹತ್ತಿರ. ಟಾರ್ಚ್, ಮೊಣಕಾಲಿನ ಪಟ್ಟಿ, ಹಿಂದೆ ಪಟ್ಟಿ ಇರುವ ಚಪ್ಪಲಿ, ಕೂರಲು ಒಂದು ದಪ್ಪ ಟವೆಲ್. ಅಷ್ಟು ಸಾಕು.

ಪಾಯಿಖಾನೆಯ ವಿಷಯವನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ನಮ್ಮ ಅವ್ವಂದಿರು ಹೊರಗೆ ಹೋದರೆ ನೀರೇ ಕುಡಿಯುವುದಿಲ್ಲ. ಹೋಗಬೇಕಾಗುತ್ತದೆ ಅನ್ನುವ ಭಯ. ಬಿಸಿಲಿನಲ್ಲಿ ಆಮೇಲೆ ತಲೆ ಸುತ್ತುತ್ತದೆ. ಪ್ರತಿ ಎರಡು ಗಂಟೆಗೊಮ್ಮೆ ಎಲ್ಲಿ ಹೋಗಬಹುದು ಅಂತ ಮೊದಲೇ ನೋಡಿಟ್ಟುಕೊಂಡು, ಅವಳಿಗೂ ಹೇಳಿ. ಲಾಡ್ಜು, ಬಸ್ ನಿಲ್ದಾಣ, ಗುರುದ್ವಾರ, ಊಟದ ಹೋಟೆಲ್ಲು, ಹೀಗೆ. ಅದು ಗೊತ್ತಾದರೆ ನೆಮ್ಮದಿಯಿಂದ ನೀರು ಕುಡಿಯುತ್ತಾಳೆ.

ಮೊದಲ ದಿನ: ಊಟ, ನಿದ್ದೆ, ಒಂದು ಸಂಜೆ

ಬೀದರ್ ಮುಟ್ಟಿದ ಮಧ್ಯಾಹ್ನ ಏನೂ ನೋಡಬೇಡಿ. ಜೋಳದ ರೊಟ್ಟಿ, ಪುಂಡಿಪಲ್ಯ ಸಿಗುವ ಖಾನಾವಳಿಯಲ್ಲಿ ಊಟ ಮಾಡಿ ಮಲಗಿ. ಸಂಜೆ ನಾಲ್ಕೂವರೆಗೆ ಉದಗೀರ್ ರಸ್ತೆಯಲ್ಲೇ ಇರುವ ಬರೀದ್ ಶಾಹಿ ಗೋರಿಗಳ ಉದ್ಯಾನಕ್ಕೆ ಹೋಗಿ. ನೆಲ ಸಮತಟ್ಟು, ಹತ್ತಿ ಇಳಿಯುವುದು ಕಡಿಮೆ. ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿಗಳಲ್ಲಿ ಅಲಿ ಬರೀದ್‌ನ ಗೋರಿ ಇಲ್ಲಿದೆ. ನಾಲ್ಕೂ ಕಡೆ ಬಾಗಿಲಿಲ್ಲದ ದೊಡ್ಡ ಕಮಾನುಗಳು, ಒಳಗೆ ಗಾಳಿ ಆಡುತ್ತಲೇ ಇರುತ್ತದೆ. ಸಂಜೆಯ ಹೊತ್ತು ಊರಿನ ಹೆಂಗಸರು ಮಕ್ಕಳನ್ನು ಕರೆದುಕೊಂಡು ಬಂದಿರುತ್ತಾರೆ. ಅವ್ವ ಐದು ನಿಮಿಷದಲ್ಲಿ ಒಬ್ಬರ ಪರಿಚಯ ಮಾಡಿಕೊಂಡು, ಬೀದರ್‌ನಲ್ಲಿ ತೊಗರಿಬೇಳೆ ಕಿಲೋಗೆ ಎಷ್ಟು ಅಂತ ವಿಚಾರಿಸುತ್ತಿದ್ದಳು. ಕತ್ತಲಾಗುವ ತನಕ ಅಲ್ಲೇ ಇದ್ದೆವು.

ಎರಡನೇ ದಿನ ಬೆಳಗ್ಗೆ: ಕೋಟೆ

ಬೆಳಗ್ಗೆ ತಿಂಡಿ ಮುಗಿಸಿ, ಒಂಬತ್ತರ ಹೊತ್ತಿಗೆ ಆಟೋ ಮಾಡಿಕೊಂಡು ಹೋಗಿ. ಕೋಟೆಯೊಳಗೆ ವಾಹನ ಹೋಗುತ್ತದೆ. ಬಾಗಿಲ ಹತ್ತಿರವೇ ಇಳಿದು ನಡೆಸಬೇಡಿ. ಆಟೋದವರಿಗೆ ಮೊದಲೇ ಹೇಳಿ, ಒಳಗೆ ಬಿಟ್ಟು, ಎರಡೂವರೆ ಗಂಟೆ ಆದ ಮೇಲೆ ಮತ್ತೆ ಬರಬೇಕು ಅಂತ. ದರ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ.

ಒಳಗೆ ಹೋಗುವಾಗ ಶರ್ಜಾ ದರ್ವಾಜಾದ ಹತ್ತಿರ ಆಟೋ ನಿಧಾನ ಮಾಡಿಸಿ. ಬಾಗಿಲ ಮೇಲೆ ಎರಡು ಹುಲಿಗಳ ಕೆತ್ತನೆ ಇದೆ. ಪಕ್ಕದಲ್ಲಿ ಕಂದಕ. ಬಂಡೆಯನ್ನೇ ಕಡಿದು, ನಡುವೆ ಕಲ್ಲಿನ ಗೋಡೆಗಳನ್ನು ಹಾಗೇ ಬಿಟ್ಟು, ಮೂರು ಸಾಲಾಗಿ ತೋಡಿದ್ದಾರೆ. ಇಷ್ಟು ಹೇಗೆ ತೋಡಿದರು ಅನ್ನುವುದಕ್ಕೆ ಉತ್ತರ ಆ ಕೆಂಪು ಕಲ್ಲಿನಲ್ಲೇ ಇದೆ. ಜಂಬಿಟ್ಟಿಗೆ ನೆಲದಲ್ಲಿದ್ದಾಗ ಮೆತ್ತಗಿರುತ್ತದೆ, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ. ಶಹಾಬಾದ್ ಫರಸಿ ನೋಡಿ ಬೆಳೆದ ನಮಗೆ ಇದು ಹೊಸದು. ಅವ್ವ ಕಲ್ಲನ್ನು ಉಗುರಿನಿಂದ ಕೆರೆದು ನೋಡಿದಳು.

ಮೊದಲು ವಸ್ತುಸಂಗ್ರಹಾಲಯಕ್ಕೆ ಹೋಗಿ. ಅದು ಹಿಂದೆ ಅರಮನೆಯ ಸ್ನಾನದ ಮನೆಯಾಗಿತ್ತು. ಅಲ್ಲಿರುವ ಪುರಾತತ್ವ ಇಲಾಖೆಯ ಸಿಬ್ಬಂದಿಗೆ ರಂಗೀನ್ ಮಹಲ್ ತೋರಿಸಲು ಸಾಧ್ಯವೇ ಅಂತ ವಿನಯದಿಂದ ಕೇಳಿ. ಆ ಮಹಲಿಗೆ ಸಾಮಾನ್ಯವಾಗಿ ಬೀಗ ಹಾಕಿರುತ್ತದೆ. ಎಷ್ಟೋ ಜನ ಬೀಗ ನೋಡಿ ವಾಪಸ್ ಹೋಗಿಬಿಡುತ್ತಾರೆ, ಕೇಳಿದರೆ ಬೀಗ ತೆಗೆಯಬಹುದು ಅನ್ನುವುದು ಅವರಿಗೆ ಹೊಳೆಯುವುದೇ ಇಲ್ಲ. ಇಡೀ ಕೋಟೆಯಲ್ಲಿ ಒಂದೇ ಜಾಗ ನೋಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಹೊರಗೆ ಕೆತ್ತಿದ ಮರದ ಕಂಬಗಳು. ಒಳಗೆ ಹೊಳೆಯುವ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಬಳ್ಳಿಯ ಹಾಗೆ, ಅಕ್ಷರದ ಹಾಗೆ ಕೂರಿಸಿದ್ದಾರೆ. 1542ರಿಂದ 1580ರ ತನಕ ಆಳಿದ ಅಲಿ ಬರೀದ್ ಮಾಡಿಸಿದ ಕೆಲಸ ಅದು. ಹಿಂದಿನ ಸಂಜೆ ಅವನ ಗೋರಿ ನೋಡಿದ್ದರಿಂದ ಅವ್ವನಿಗೆ ಹೆಸರು ನೆನಪಿತ್ತು. "ಅಲ್ಲಿ ಮಲಗ್ಯಾನಲ್ಲ, ಅವನೇನು?" ಅಂತ ಕೇಳಿದಳು. ಈ ಸಾಲಾಗಿ ತೋರಿಸುವುದರ ಲಾಭ ಇದು. ಚಿಪ್ಪಿಗೆ ಕೈ ಮಾತ್ರ ಹಚ್ಚಬೇಡಿ.

ಆಮೇಲೆ ಸೋಲಾ ಖಂಬಾ ಮಸೀದಿ. ಬೀದರ್‌ನ ಬಹಳ ಹಳೆಯ ಮಸೀದಿಗಳಲ್ಲಿ ಒಂದು. ಒಳಗೆ ದಪ್ಪ ದುಂಡು ಕಂಬಗಳ ಸಾಲು, ಬಿಸಿಲಿನಿಂದ ಬಂದವರಿಗೆ ತಂಪೋ ತಂಪು. ಎದುರಿಗೆ ಲಾಲ್ ಬಾಗ್. ಟವೆಲ್ ಹಾಸಿ ಇಲ್ಲಿ ಕನಿಷ್ಠ ಅರ್ಧ ಗಂಟೆ ಕೂರಿ. ನಮ್ಮ ಇಡೀ ಪ್ರವಾಸದಲ್ಲಿ ಜಾಸ್ತಿ ಮಾತಾಡಿದ್ದು ಇಲ್ಲೇ. ತನ್ನ ತವರಿನ ಬಾವಿಯ ಬಗ್ಗೆ, ಅದರ ಕಟ್ಟೆಯ ಮೇಲೆ ಕೂತು ಗೆಳತಿಯರ ಜೊತೆ ಆಡುತ್ತಿದ್ದ ಗಜ್ಜುಗದ ಬಗ್ಗೆ ಹೇಳಿದಳು. ನಲವತ್ತು ವರ್ಷಗಳಲ್ಲಿ ನಾನು ಕೇಳದ ಕಥೆಗಳು. ಮನೆಯಲ್ಲಿದ್ದರೆ ಕುಕ್ಕರ್ ಕೂಗುತ್ತದೆ, ಯಾರೋ ಬಾಗಿಲು ಬಡಿಯುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಇಲ್ಲಿ ಯಾರೂ ಬಾಗಿಲು ಬಡಿಯಲಿಲ್ಲ.

ತಖ್ತ್ ಮಹಲ್, ಬುರುಜಿನ ಮೇಲಿನ ದೊಡ್ಡ ತೋಪುಗಳು, ಹಜಾರ್ ಕೋಠಡಿಯ ನೆಲಮಾಳಿಗೆ ಇವೆಲ್ಲ ಮೊಣಕಾಲು ಗಟ್ಟಿ ಇದ್ದವರಿಗೆ. ಅವ್ವ ನೆರಳಿನಲ್ಲಿ ಕೂತಿರುವಾಗ ನೀವೊಬ್ಬರೇ ಹೋಗಿ, ಫೋಟೋ ತೆಗೆದು ತಂದು ತೋರಿಸಿ.

ಮಧ್ಯಾಹ್ನ ಊಟ, ನಿದ್ದೆ. ಇದನ್ನು ಬಿಡಬೇಡಿ.

ಸಂಜೆ: ಅಷ್ಟೂರು, ಆಮೇಲೆ ಝೀರಾ

ಊರಿನಿಂದ ಮೂರು-ನಾಲ್ಕು ಕಿಲೋಮೀಟರ್ ದೂರದಲ್ಲಿ ಅಷ್ಟೂರು. ಬಯಲಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಅವರಲ್ಲಿ ಒಬ್ಬನಾದ ಹುಮಾಯೂನನ ಗುಮ್ಮಟ ಸಿಡಿಲಿಗೆ ಸೀಳಿ ಅರ್ಧ ಮಾತ್ರ ಉಳಿದಿದೆ, ದೂರದಿಂದಲೇ ಗುರುತು ಸಿಗುತ್ತದೆ. ನೀವು ಒಳಗೆ ಹೋಗಬೇಕಾದದ್ದು ಅಹಮದ್ ಷಾ ವಲಿಯ ಗೋರಿಗೆ. ಒಳಗೆ ಬೆಳಕು ಕಡಿಮೆ. ಎರಡು ನಿಮಿಷ ಕಣ್ಣು ಹೊಂದಿಕೊಳ್ಳಲಿ, ಆಮೇಲೆ ಟಾರ್ಚ್ ಬಿಡಿ. ಗೋಡೆ, ಗುಮ್ಮಟದ ತುಂಬ ಕೆಂಪು, ಬಂಗಾರದ ಬಣ್ಣದ ಚಿತ್ರಗಳು, ಬರಹಗಳು. ಆರು ನೂರು ವರ್ಷ ಸಮೀಪಿಸಿದರೂ ಬಣ್ಣ ಉಳಿದಿದೆ.

ಇಲ್ಲಿ ವರ್ಷಕ್ಕೊಮ್ಮೆ ಹೋಳಿ ಹುಣ್ಣಿಮೆ ಆದ ಮೇಲೆ ಜಾತ್ರೆ ನಡೆಯುತ್ತದೆ. ಮುಸ್ಲಿಮರು ವಲಿಯ ಉರುಸು ಅನ್ನುತ್ತಾರೆ, ಲಿಂಗಾಯತರು ಅಲ್ಲಮಪ್ರಭು ಅಂತ ನಡೆದುಕೊಳ್ಳುತ್ತಾರೆ. ನಮ್ಮ ಕಲಬುರಗಿ ಕಡೆಯಿಂದಲೇ ಜಂಗಮರು ಬಂದು ಆಚರಣೆ ನಡೆಸುತ್ತಾರೆ. ಇದನ್ನು ಒಳಗೆ ಹೋಗುವ ಮೊದಲೇ ಅವ್ವನಿಗೆ ಹೇಳಿ. ನಾನು ಹೇಳಿದ್ದೆ. ಅವಳು ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿ ಒಳಗೆ ಹೋದಳು.

ಸೂರ್ಯ ಮುಳುಗುವ ಹೊತ್ತಿಗೆ ಗುರುನಾನಕ ಝೀರಾ. ತಲೆಯ ಮೇಲೆ ಸೆರಗು, ಕಾಲು ತೊಳೆದು ಒಳಗೆ. ಹದಿನಾರನೇ ಶತಮಾನದ ಮೊದಲಲ್ಲಿ ಗುರುನಾನಕರು ಇಲ್ಲಿಗೆ ಬಂದಾಗ ಕುಡಿಯುವ ನೀರಿಗೆ ಜನ ಒದ್ದಾಡುತ್ತಿದ್ದರು, ಅವರು ಕಲ್ಲು ಸರಿಸಿದ ಕಡೆ ಸಿಹಿನೀರಿನ ಬುಗ್ಗೆ ಚಿಮ್ಮಿತು ಅನ್ನುವುದು ನಂಬಿಕೆ. ಬುಗ್ಗೆ ಈಗಲೂ ಹರಿಯುತ್ತಿದೆ. ಬೀದರ್ ಗುಡ್ಡದ ಗುಣವೇ ಹಾಗೆ. ಮೇಲಿನ ಕೆಂಪು ಕಲ್ಲಿನಲ್ಲಿ ತೂತುಗಳು ಜಾಸ್ತಿ, ಮಳೆನೀರು ಒಳಗೆ ಇಳಿಯುತ್ತದೆ. ಅಡಿಯಲ್ಲಿ ಕಪ್ಪು ಕಲ್ಲು ಅದನ್ನು ತಡೆಯುತ್ತದೆ. ಎರಡೂ ಸೇರುವ ಅಂಚಿನಲ್ಲಿ ನೀರು ಹೊರಗೆ ಬರುತ್ತದೆ. ಪಾಪನಾಶ ಶಿವನ ಗುಡಿಯ ನೀರೂ ಹೀಗೇ, ಝರಣಿ ನರಸಿಂಹನ ಗುಹೆಯ ನೀರೂ ಹೀಗೇ.

ರಾತ್ರಿ ಊಟ ಗುರುದ್ವಾರದ ಲಂಗರ್‌ನಲ್ಲೇ, ಅಂದರೆ ಎಲ್ಲರಿಗೂ ಪುಕ್ಕಟೆ ಬಡಿಸುವ ಪಂಕ್ತಿಯಲ್ಲೇ ಮಾಡಿ. ನೆಲದ ಮೇಲೆ ಕೂರಲು ಆಗದಿದ್ದರೆ ಸೇವೆ ಮಾಡುವವರಿಗೆ ಹೇಳಿ, ಏನಾದರೂ ಅನುಕೂಲ ಮಾಡಿಕೊಡುತ್ತಾರೆ. ರೊಟ್ಟಿಯನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ಅವ್ವ ಇಷ್ಟು ವರ್ಷ ಬಡಿಸಿದವಳು, ಅವತ್ತು ಕೈ ಚಾಚಿ ಕೂತಿದ್ದಳು. ನನಗೆ ಕಣ್ಣು ತುಂಬಿ ಬಂತು.

ಝರಣಿ ನರಸಿಂಹನ ಬಗ್ಗೆ ಒಂದು ಎಚ್ಚರಿಕೆ. ದೇವರ ತನಕ ಸುಮಾರು 300 ಮೀಟರ್ ಸುರಂಗದಲ್ಲಿ, ಎದೆಮಟ್ಟದ ತನಕ ಬರುವ ನೀರಿನಲ್ಲಿ ನಡೆಯಬೇಕು. ಮೇಲೆ ಬಾವಲಿಗಳು. ಬಿಪಿ, ಉಬ್ಬಸ ಇದ್ದವರಿಗೆ ಬೇಡ. ಅವ್ವ ಹೊರಗಿನಿಂದಲೇ ಕಾಯಿ ಒಡೆಸುತ್ತೇನೆ ಅಂದರೆ ಒತ್ತಾಯ ಮಾಡಬೇಡಿ.

ಮೂರನೇ ದಿನ: ಮದರಸಾ ಮತ್ತು ಬಿದರಿ ಅಂಗಡಿ

ಎರಡೂ ಹಳೆ ಊರಿನಲ್ಲಿ ಹತ್ತಿರ ಹತ್ತಿರ ಇವೆ. ಮಹಮೂದ್ ಗವಾನ್ ಇರಾನಿನ ಗಿಲಾನ್‌ನಿಂದ ಬಂದು ಬಹಮನಿಗಳ ಮಂತ್ರಿಯಾದವನು. 1472ರಲ್ಲಿ ಮೂರು ಅಂತಸ್ತಿನ ಈ ಮದರಸಾ ಕಟ್ಟಿಸಿದ. ಸುಳ್ಳು ಪತ್ರ ನಂಬಿ 1481ರಲ್ಲಿ ಸುಲ್ತಾನನೇ ಅವನನ್ನು ಕೊಲ್ಲಿಸಿದ. ಒಂದು ಮಿನಾರು ಉಳಿದಿದೆ, ನೀಲಿ ಹೆಂಚುಗಳು ಅಲ್ಲಲ್ಲಿ ಅಂಟಿಕೊಂಡಿವೆ. ಮೆಟ್ಟಿಲ ಮೇಲೆ ಕೂತು ಅವನ ಕಥೆ ಪೂರ್ತಿ ಹೇಳಿ. ಅರ್ಧ ಗಂಟೆ ಸಾಕು.

ನಂತರ ಹಳೆ ಊರಿನ ನಡುವಿನ ಕಾವಲು ಗೋಪುರ ಚೌಬಾರಾದ ಸುತ್ತಮುತ್ತ ಬಿದರಿ ಕೆಲಸದ ಅಂಗಡಿಗಳು. ಕೊಳ್ಳುವ ಮೊದಲು ಕೆಲಸ ನೋಡಿ. ಹಿಂದೆಯೇ ಕಾರ್ಖಾನೆ ಇರುವ ಅಂಗಡಿಗೆ ಹೋಗಿ ಕೇಳಿದರೆ ತೋರಿಸುತ್ತಾರೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಮೈಲುತುತ್ತದಿಂದ ತಾತ್ಕಾಲಿಕವಾಗಿ ಕಪ್ಪು ಮಾಡಿ, ಚೂಪು ಮೊನೆಯಿಂದ ಹೂಬಳ್ಳಿ ಬರೆಯುತ್ತಾರೆ. ಉಳಿಯಿಂದ ಗೆರೆ ಕೊರೆದು, ಅದರೊಳಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆ ಮಣ್ಣು, ನವಸಾಗರ ಕಲಸಿದ ನೀರಿನಿಂದ ಉಜ್ಜುತ್ತಾರೆ. ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಬೆಳ್ಳಗೆ ಉಳಿಯುತ್ತದೆ. ಆ ಕ್ಷಣ ನೋಡಲೇಬೇಕು. ಕೋಟೆಯ ಮಣ್ಣಿಗೂ ಈ ಡಬ್ಬಿಗೂ ಇರುವ ನಂಟು ಕಂಡು ಅವ್ವ ಎರಡು ಸಲ ಮಾಡಿಸಿ ನೋಡಿದಳು. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬೀದರ್‌ನ ಕುಶಲಕರ್ಮಿ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಕೊಳ್ಳುವಾಗ ಕೇಳಬೇಕಾದದ್ದು: ಇದರಲ್ಲಿರುವುದು ಬೆಳ್ಳಿ ತಂತಿಯಾ, ತಗಡಾ, ಬೇರೆ ಲೋಹವಾ? ಬೆರಳು ಆಡಿಸಿ ನೋಡಿ, ಬೆಳ್ಳಿ ಎಲ್ಲೂ ತಡೆಯಬಾರದು. ದೊಡ್ಡ ಹೂದಾನಿಗಿಂತ ಒಂದು ಕುಂಕುಮದ ಭರಣಿ ಅಥವಾ ಅಡಿಕೆ ಡಬ್ಬಿ ಮೇಲು, ದಿನವೂ ಕೈಗೆ ಸಿಗುತ್ತದೆ. ತುಂಬಾ ಚೌಕಾಸಿ ಬೇಡ. ಒಂದು ಡಬ್ಬಿಯ ಹಿಂದೆ ಎಷ್ಟು ದಿನದ ಬೆನ್ನುನೋವು ಇದೆ ಅಂತ ಈಗಷ್ಟೇ ನೋಡಿದ್ದೀರಲ್ಲ. ಹಿತ್ತಾಳೆಯ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಬಾರದು, ಕಪ್ಪು ಹೋಗುತ್ತದೆ. ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು.

ಮರಳುವುದು

ಬೀದರ್–ಕಲಬುರಗಿ ರೈಲು ಮಾರ್ಗ 2017ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಸುಮಾರು 110 ಕಿಲೋಮೀಟರ್. ರೈಲಿನ ಸಮಯ ಹಿಂದಿನ ದಿನವೇ ನೋಡಿಕೊಳ್ಳಿ, ದಿನಕ್ಕೆ ಕೆಲವೇ ಗಾಡಿಗಳು. ಕಾಲು ಚಾಚಿ ಕೂರಬಹುದು, ಶೌಚಾಲಯದ ಚಿಂತೆಯೂ ಕಡಿಮೆ. ದಾರಿಯಲ್ಲಿ ಮರಗುತ್ತಿಯ ಹತ್ತಿರ ಸುರಂಗ ಬರುತ್ತದೆ. ಕಿಟಕಿ ಪಕ್ಕ ಕೂತವಳು ಅವ್ವನೇ ಆಗಿರಲಿ. ಕಮಲಾಪುರದ ಕೆಂಪು ಬಾಳೆಹಣ್ಣು ಕೊಳ್ಳಬೇಕು ಅಂತಿದ್ದರೆ ಹೋಗುವಾಗ ಬಸ್ಸಿನಲ್ಲಿ ಬೇಡ, ಹಿಚುಕಿ ಹೋಗುತ್ತದೆ. ಮರಳಿ ಬಂದ ಮೇಲೆ ಕಲಬುರಗಿ ಮಾರುಕಟ್ಟೆಯಲ್ಲೇ ಒಂದು ಡಜನ್ ತಂದು ಓಣಿಯವರಿಗೆ ಹಂಚಲು ಅವಳ ಕೈಗೆ ಕೊಡಿ.

ಮನೆ ಮುಟ್ಟಿದಾಗ ಸಿಂಕಿನಲ್ಲಿ ಮೂರು ದಿನದ ಪಾತ್ರೆ ಇರುತ್ತವೆ. ಅವ್ವ ಚೀಲ ಇಟ್ಟವಳೇ ಸೆರಗು ಸಿಕ್ಕಿಸಿ ಒಳಗೆ ಹೋಗುತ್ತಾಳೆ. ಅದಕ್ಕಿಂತ ಮೊದಲು ನೀವು ಹೋಗಿ. ರೈಲಿನಲ್ಲಿರುವಾಗಲೇ ಅಪ್ಪನಿಗೆ ಫೋನ್ ಮಾಡಿ ಪಾತ್ರೆ ತೊಳೆದಿಡಲು ಹೇಳಿದರೆ ಇನ್ನೂ ಒಳ್ಳೆಯದು. ಆ ರಾತ್ರಿಯ ಅನ್ನ-ಬೇಳೆ ನೀವೇ ಮಾಡಿ, ತಾಟು ಅವಳು ಕೂತಲ್ಲಿಗೇ ತಂದುಕೊಡಿ.